ಹಣಮಂತರಾಯರ ಕೊನೆಯ ಎರಡು ವರ್ಷ

ಶಿವಗಣಾರಾಧನೆ ಮುಗಿದು, ಸುರಪುರದ ಕಡೆಯಿಂದ ಬಂದಿದ್ದ ನೆಂಟರೆಲ್ಲ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಸ್ನೇಹಲತಾ ಮಾಡಿದ ಮೊದಲ ಕೆಲಸವೆಂದರೆ ತೀರಿಹೋದ ಮಾವನ ಹಾಸಿಗೆಯನ್ನು ಮನೆಯಿಂದ ಹೊರಗೆ ಎಳೆದದ್ದು. ಸ್ಪಂಜಿನ ಹಾಸಿಗೆ ಅದು. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರೂ ಉಚ್ಚೆ ಒಳಗಿಳಿದಿತ್ತು. ಬಿಸಿಲಿಗೆ ಹಾಕಿದರೂ, ಫಿನಾಯಿಲಿನಿಂದ ಒರೆಸಿದರೂ ವಾಸನೆ ಜಗ್ಗಿರಲಿಲ್ಲ. ಕಸದ ಆಟೋದವನಿಗೆ ಹೇಳಿ ಇಟ್ಟಿದ್ದಳು. ಅವನು ಉಪ್ಪಲ್‌ನ ಅವರ ಓಣಿಗೆ ಬರುವುದರೊಳಗೆ ಹಾಸಿಗೆ ಗೇಟಿಗೆ ಒರಗಿರಬೇಕಿತ್ತು.

ಆಟೋ ಬರುವ ಮೊದಲೇ ಮೈದುನ ಶರಣಕುಮಾರನ ಬೈಕು ಬಂದು ನಿಂತಿತು.

“ಏನ್ರಿ ವೈನಿ, ಅಪ್ಪನ ಹಾಸಿಗಿ ಕಸಕ್ಕ ಹಾಕಾಕತ್ತೀರೇನು?”

“ನಾರತೈತಿ ಶರಣು. ಮೂಸಿ ನೋಡು.”

“ಮಣ್ಣು ಮಾಡಿ ಇನ್ನೂ ಎಷ್ಟು ದಿನ ಆತ್ರಿ?”

“ಅದಕ್ಕ ಈಗ ಹಾಕಾಕತ್ತೀನಿ. ಅವರಿದ್ದಾಗ ಹಾಕಾಕ ಬರ್ತಿರಲಿಲ್ಲ.”

ಶರಣಕುಮಾರ ಹಾಸಿಗೆಯನ್ನು ಸುತ್ತಿ ಹೆಗಲಿಗೇರಿಸಿಕೊಂಡು ಮಾಳಿಗೆಗೆ ಹೊತ್ತೊಯ್ದ. ಇಳಿದು ಬಂದವನು ತನ್ನ ಅಂಗಿಯ ಹೆಗಲನ್ನು ಮೂಗಿಗೆ ಹಿಡಿದು ನೋಡಿದ, ಸುಮ್ಮನೆ ಬಚ್ಚಲಿಗೆ ಹೋಗಿ ನಲ್ಲಿ ತಿರುವಿದ. ಸ್ನೇಹಲತಾಗೆ ಪಾಪ ಅನ್ನಿಸಲಿಲ್ಲ. ತಾನು ಆ ವಾಸನೆಯಲ್ಲೇ ರೊಟ್ಟಿ ಬಡಿದಿದ್ದೆ, ಉಂಡಿದ್ದೆ, ಮಲಗಿದ್ದೆ ಎಂದುಕೊಂಡಳು.

ಹಣಮಂತರಾಯರನ್ನು ಬಲ್ಲವರಿಗೆ ಈ ಹಾಸಿಗೆಯ ಸುದ್ದಿ ನಂಬಲಾಗದ್ದು. ಬೇಗಂ ಬಜಾರಿನ ಪಾತ್ರೆ ಸಾಲಿನಲ್ಲಿ ಅವರೆಂದರೆ ನಗು. ಹರೆಯದಲ್ಲಿ ಊರು ಬಿಟ್ಟು ಬಂದು, ಯಾರದೋ ಅಂಗಡಿಯಲ್ಲಿ ಪಾತ್ರೆ ಒರೆಸುತ್ತ ಶುರು ಮಾಡಿ, ಕಡೆಗೆ ಸ್ವಂತದ್ದು ಹಾಕಿದವರು. ಕೊಡ, ಕೊಳಗ, ಹಂಡೆ, ಪರಾತಗಳ ನಡುವೆ ಕೂತು ಗಿರಾಕಿಗೆ ಮೊದಲು ಪಾತ್ರೆ ಬಾರಿಸಿ ಕೇಳಿಸುವರು, ಆಮೇಲೆ ರೇಟು ಹೇಳುವರು. ಮದುವೆಗೆ ಕೊಳ್ಳಲು ಬಂದ ತೆಲುಗು ಹೆಂಗಸರಿಗೆ, “ಈ ಬಿಂದೆ ಮೀ ಅಲ್ಲುಡಿ ಕಂಟೇ ಗಟ್ಟಿದಮ್ಮಾ” ಅನ್ನುವರು. ಕೊಡ ನಿಮ್ಮ ಅಳಿಯನಿಗಿಂತ ಗಟ್ಟಿ ಅಂದರೆ ಯಾರು ನಗುವುದಿಲ್ಲ? ನಗುತ್ತ ಇನ್ನೊಂದು ಕೊಡ ಹೆಚ್ಚಿಗೆ ಒಯ್ಯುತ್ತಿದ್ದರು. ಮೊಮ್ಮಗಳು ಪಿಂಕಿಯನ್ನು ಮೆಟ್ರೋದಲ್ಲಿ ಕರೆದುಕೊಂಡು ಹೊರಟರೆ ಬೋಗಿಯ ಪ್ರಕಟಣೆ ಮುಗಿದ ಕೂಡಲೇ ಮೂಗಿನಿಂದ ಹೆಣ್ಣುದನಿ ತೆಗೆದು, “ಮುಂದಿನ ಟೇಶನ್ ಹಬ್ಸಿಗುಡಾ. ಇಳಿಯೋರು ತಮ್ಮ ತಮ್ಮ ಹೆಂಡ್ರನ್ನ ನೋಡಿಕೊಂಡು ಇಳೀರಿ” ಎಂದು ಕನ್ನಡದಲ್ಲಿ ಕೂಗುವರು. ಕನ್ನಡ ಬಾರದವರೂ ತಿರುಗಿ ನೋಡಿ ನಗುವರು. ಪಿಂಕಿಗೆ ನಾಚಿಕೆಯಾಗಿ ಅವರ ಬಾಯಿ ಮುಚ್ಚುವಳು, ಮುಂದಿನ ಸ್ಟೇಷನ್ ಬರುವುದನ್ನೇ ಕಾಯುವಳು.

ಸ್ನೇಹಲತಾ ಸೊಸೆಯಾಗಿ ಬಂದ ಹೊಸದರಲ್ಲಿ ಅವಳಿಗೆ ತೆಲುಗೂ ಬಾರದು, ಹಿಂದಿಯೂ ಬಾರದು. ಹಾಲಿನವನು ಬಂದರೂ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಹಣಮಂತರಾಯರು ಅವಳನ್ನು ರೈತು ಬಜಾರಿಗೆ ಕರೆದೊಯ್ದು, ಅಲ್ಲಿ ಮೂಕನಂತೆ ನಟಿಸುತ್ತ ನಿಂತುಬಿಟ್ಟರು. ಬದನೆಕಾಯಿ ಮಾರುವವಳು ಏನು ಕೇಳಿದರೂ ಬಾಯಿಗೆ ಬೆರಳಿಟ್ಟು ಸೊಸೆಯ ಕಡೆ ತೋರಿಸುವರು. “ಅಯ್ಯೋ ಪಾಪಂ” ಎಂದು ಆಕೆ ಎರಡು ಬದನೆಕಾಯಿ ಹೆಚ್ಚು ಹಾಕಿದಳು. ಸ್ನೇಹಲತಾಗೆ ನಗು ತಡೆಯಲಾಗದೆ, ಬೇರೆ ದಾರಿಯೂ ಇಲ್ಲದೆ ಬಾಯಿ ಬಿಡಬೇಕಾಯಿತು. ವಾರವಾರವೂ ಇದೇ ನಾಟಕ. ಮಳೆಗಾಲ ಬರುವುದರೊಳಗೆ ಅವಳು ತೆಲುಗಿನಲ್ಲಿ ಜಗಳಾಡುವಷ್ಟಾದಳು.

ಅದು ಮೊದಲಿನ ಹಣಮಂತರಾಯರು. ಆಮೇಲಿನವರು ಅವಳನ್ನು ಕಳ್ಳಿ ಎಂದು ಬಯ್ಯುತ್ತಿದ್ದರು. ಅನ್ನಕ್ಕೆ ಏನೋ ಬೆರೆಸಿದ್ದಾಳೆಂದು ಅವಳ ಮುಖಕ್ಕೇ ಉಗುಳುತ್ತಿದ್ದರು. ಮಿದುಳು ಸವೆಯುವ ರೋಗ, ಹಿಂದಕ್ಕೆ ಬರುವಂಥದ್ದಲ್ಲ ಎಂದಿದ್ದರು ಡಾಕ್ಟರು. ಕೊನೆಗೆ ತುತ್ತು ನುಂಗುವುದೂ ಮರೆತು, ಗಂಜಿ ಪುಪ್ಪುಸಕ್ಕೆ ಇಳಿದು, ಜ್ವರ ಏರಿ, ದೀಪಾವಳಿ ಕಳೆದ ವಾರ ಆಸ್ಪತ್ರೆಯಲ್ಲಿ ತೀರಿಹೋದರು.

ಶಂಶಾಬಾದಿನಲ್ಲಿ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದ ಶರಣಕುಮಾರನಿಗೆ ಇದರಲ್ಲಿ ಬಹಳಷ್ಟು ಗೊತ್ತಿರಲಿಲ್ಲ. ಅವನೂ ಹೆಂಡತಿ ಪ್ರೇಮಾಳೂ ಹಬ್ಬಕ್ಕೆ ಬರುತ್ತಿದ್ದರು. ಬರುವ ಸುದ್ದಿ ಫೋನಿನಲ್ಲಿ ಮೊದಲೇ ತಿಳಿಯುತ್ತಿತ್ತು. ಸ್ನೇಹಲತಾ ಮಾವನಿಗೆ ಸ್ನಾನ ಮಾಡಿಸಿ, ಗಡ್ಡ ತೆಗೆದು, ವಿಭೂತಿ ಹಚ್ಚಿ, ಬಿಳಿ ಅಂಗಿ ತೊಡಿಸಿ ಕೂಡಿಸುತ್ತಿದ್ದಳು. ಅವನು ಕಂಡದ್ದು ಆ ಬಿಳಿ ಅಂಗಿಯ ಅಪ್ಪನನ್ನು.

ಮುಂದಿನ ರವಿವಾರ ಶರಣಕುಮಾರ, ಪ್ರೇಮಾ ಊಟಕ್ಕೆ ಬಂದರು. ರೊಟ್ಟಿ, ಪುಂಡಿಪಲ್ಯ, ಹೆಸರುಬೇಳೆ. ಪಾತ್ರೆ ಅಂಗಡಿಗೆ ರಜೆಯಾದ್ದರಿಂದ ಸ್ನೇಹಲತಾಳ ಗಂಡ ವಿಜಯಕುಮಾರನೂ ಮನೆಯಲ್ಲಿದ್ದ. ಎಲ್ಲರೂ ನೆಲದ ಮೇಲೆ ಕೂತಿದ್ದರು. ಅತ್ತೆ ಸೂಗಮ್ಮ ಮಾತ್ರ ಮೊಣಕಾಲು ನೋವಿಗಾಗಿ ಕುರ್ಚಿಯ ಮೇಲೆ.

“ಸಂಕ್ರಾಂತಿ ಆದಮ್ಯಾಲೆ ಕಾಚಿಗೂಡಾದಾಗ ಒಂದು ಹಾಲ್ ಹಿಡಿಯೋಣಂತ ಮಾಡೀನಿ ಅಣ್ಣಾ. ಬೇಗಂ ಬಜಾರದ ಮಂದಿ, ನಮ್ಮ ಕಡೆ ಮಂದಿ, ಎಲ್ಲಾರೂ ಬರಲಿ. ಅಪ್ಪನ ವಿಡಿಯೋ ಕೂಡಿಸಿ ದೊಡ್ಡ ಪರದೆ ಮ್ಯಾಲೆ ಹಾಕೋದು. ಒಬ್ಬೊಬ್ಬರೂ ಎದ್ದು ನಿಂತು ಅಪ್ಪನ ಒಂದೊಂದು ಮಜಾ ಹೇಳೋದು. ಅಳೋ ಕಾರ್ಯಕ್ರಮ ಬ್ಯಾಡ. ಅಪ್ಪಗ ಅಳೋದು ಸೇರತಿರಲಿಲ್ಲ.”

“ಆಗ್ಲಿ, ಮಾಡು” ಅಂದ ವಿಜಯಕುಮಾರ. ಯಾವುದಕ್ಕೂ ಆಗಲಿ ಅನ್ನುವುದು ಅವನ ಸ್ವಭಾವ.

“ಪಿಂಕಿ, ನೀ ಮೈಕಿನ್ಯಾಗ ಮಾತಾಡಬೇಕು. ಮುತ್ಯಾ ಮೆಟ್ರೋದಾಗ ಟೇಶನ್ ಕೂಗ್ತಿದ್ದನಲ್ಲ, ಅದನ್ನ ಮಾಡಿ ತೋರಿಸು.”

“ನಾ ಬರಂಗಿಲ್ಲ ಕಾಕಾ.”

“ಯಾಕ?”

“ನನಗ ನೆಪ್ಪಿಲ್ಲ.”

“ಹೆಗಲ ಮ್ಯಾಲೆ ಹೊತ್ತು ತಿರುಗಿದ ಮುತ್ಯಾ ನೆಪ್ಪಿಲ್ಲೇನು? ಏನ್ರಿ ವೈನಿ, ಹುಡುಗಿಗೆ ಏನ್ ಕಲಿಸೀರಿ?”

ಸ್ನೇಹಲತಾ ರೊಟ್ಟಿ ತರಲು ಎದ್ದಳು. ಪಿಂಕಿ ಮುತ್ಯಾನ ಕೋಣೆಯ ಮುಂದೆ ಹಾಯುವಾಗಲೂ ಗೋಡೆಗೆ ಅಂಟಿ ನಡೆಯುತ್ತಾಳೆ, ಒಳಗಿನ ಕಪಾಟಿನಿಂದ ತನ್ನ ಸ್ವೆಟರ್ ತರಲೂ ಒಪ್ಪುವುದಿಲ್ಲ ಎಂದು ಇವನಿಗೆ ಹೇಗೆ ಹೇಳುವುದು?

“ಉಣ್ಣು ಶರಣು, ಆರತೈತಿ” ಅಂದಳು ಸೂಗಮ್ಮ.

ಅವನಿಗೆ ಪರದೆಯ ಮುಂದೆ ಇಡಲು ಅಪ್ಪನ ದೊಡ್ಡ ಫೋಟೋ ಬೇಕಿತ್ತು. ಕೈ ತೊಳೆಯದೆಯೇ ಎದ್ದು ಕೋಣೆಗೆ ಹೋದ. ಫೋಟೋ ತೆಗೆದುಕೊಂಡು ಹೊರಬಂದವನು ಬಾಗಿಲಲ್ಲೇ ನಿಂತ. ಬಾಗಿಲನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಮಾಡಿ ನೋಡಿದ.

“ಅಣ್ಣಾ, ಈ ಚಿಲಕ ಯಾಕ ಹೊರಗ ಐತಿ?”

ವಿಜಯಕುಮಾರ ಬೇಳೆಯಲ್ಲಿ ರೊಟ್ಟಿ ಅದ್ದುತ್ತಿದ್ದವನು ಕೈ ನಿಲ್ಲಿಸಿದ. “ಅಪ್ಪ ಹೊರಗ ಹೋಗ್ತಿದ್ದ. ಒಮ್ಮೆ ಮೇನ್ ರೋಡ್ ಮಟ ಹೋಗಿದ್ದ, ಬರೇ ಚಡ್ಡಿ ಮ್ಯಾಲೆ. ಬಸ್ಸಿನವ ಬ್ರೇಕ್ ಹಾಕಿದ್ದಕ್ಕ ಉಳಿದಾ.”

“ಅದಕ್ಕ ಕೂಡಿ ಹಾಕಿದ್ರೇನು? ದನ ಕೂಡಿದಂಗ?”

“ಕೈನೂ ಕಟ್ಟತಿದ್ರು” ಅಂದಳು ಪಿಂಕಿ.

ಚಾಡಿ ಹೇಳುವ ದನಿಯಲ್ಲ ಅದು. ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತ, ಶಾಲೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ಹಾಗೆ ಹೇಳಿದಳು. ಪ್ರೇಮಾ ಗಂಡನ ಮುಖ ನೋಡಿದಳು.

“ಯಾರು? ಯಾರು ಕಟ್ಟತಿದ್ರು? ಅಣ್ಣಾ, ನಿನ್ನ ಕೇಳಾಕತ್ತೀನಿ.”

ವಿಜಯಕುಮಾರ ಹೆಂಡತಿಯ ಕಡೆ ನೋಡಿ, ಮತ್ತೆ ತಟ್ಟೆ ನೋಡಿದ. “ನನಗ ಗೊತ್ತಿಲ್ಲ. ನಾ ಅಂಗಡ್ಯಾಗ ಇರ್ತಿದ್ದೆ.”

ಸ್ನೇಹಲತಾ ಕೈಯಲ್ಲಿ ಬಿಸಿ ರೊಟ್ಟಿ ಹಿಡಿದೇ ನಿಂತಳು. ಗೊತ್ತಿಲ್ಲವೆ? ಒಂದು ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದವನು ಕೋಣೆಯೊಳಗೆ ಇಣುಕಿ, ಮಂಚದ ಪಟ್ಟಿಗೆ ಕಟ್ಟಿದ ಓಢಣಿಯನ್ನೂ ಅದರಲ್ಲಿ ಒದ್ದಾಡುವ ಅಪ್ಪನ ಮಣಿಕಟ್ಟನ್ನೂ ಕಣ್ಣಾರೆ ನೋಡಿ, ಚಪ್ಪಲಿ ಮೆಟ್ಟಿ ಮತ್ತೆ ಹೊರಟುಹೋಗಿರಲಿಲ್ಲವೆ?

“ನಾ ಕಟ್ಟಿದ್ದು” ಅಂದಳು ಸೂಗಮ್ಮ. “ನನ್ನ ಗಂಡ. ನಾ ಕಟ್ಟಿದೆ. ಏನ್ ಮಾಡ್ತಿ?”

“ಅತ್ತಿ, ಸುಳ್ಳು ಹೇಳಬ್ಯಾಡ್ರಿ. ನಿಮ್ಮ ಕೈ ನಡಗ್ತಾವ, ಗಂಟು ಹಾಕಾಕ ಬರಂಗಿಲ್ಲ.” ಸ್ನೇಹಲತಾ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು. “ನಾನ ಕಟ್ಟಿದ್ದು ಶರಣು. ಡೈಪರ್ ಬದಲಿ ಮಾಡುವಾಗ. ಕೈ ಬಿಟ್ರ ಒಳಗಿಂದು ತಗೊಂಡು ಗ್ವಾಡಿಗೆ ಒರಸ್ತಿದ್ರು. ಬಾಯಿಗೂ ಹಾಕ್ಕೊಳ್ತಿದ್ರು. ಒಂದು ಕೈಲೆ ಅವರನ್ನ ಹಿಡದು ಒಂದು ಕೈಲೆ ತೊಳಿಯಾಕ ನನಗ ಬರಲಿಲ್ಲ. ಮೆತ್ತನ್ನ ಓಢಣಿಲೆ ಕಟ್ಟಿ, ತೊಳದು, ಬಿಚ್ಚತಿದ್ದೆ. ಒಂದಿನ ಈ ಹುಡುಗಿ ಜಡಿ ಹಾಕಿಸ್ಕೊಳ್ಳಾಕ ಹಣಗಿ ಹಿಡಕೊಂಡು ಮುತ್ಯಾನ ಮುಂದ ಹೋಗಿ ಕುಂತಳು. ಹೆಂಗ ಹೊಡದ್ರು ಅಂದ್ರ ತುಟಿ ಒಡದು ರಕ್ತ ಬಂತು. ಆಕಿಗೆ ನೆಪ್ಪಿಲ್ಲಂದ್ರ ಇದು ನೆಪ್ಪೈತಿ ಅಂತ ಅರ್ಥ. ಇನ್ನೇನ್ ಕೇಳ್ತಿ, ಕೇಳು.”

“ನಮ್ಮಪ್ಪ ನಿಮ್ಮನ್ನ ಮಗಳಂಗ ನೋಡಿದ್ನಲ್ರಿ.”

“ಹೂಂ. ನೋಡಿದ್ರು.”

“ನೀವು ಅವನ ಕೈ ಕಟ್ಟಿದ್ರಿ.”

ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು ಶರಣಕುಮಾರ ಹೊರಟ. ಪ್ರೇಮಾ ಅರ್ಧ ಊಟ ಬಿಟ್ಟು ಹಿಂದೆ ಹೋದಳು. ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಅಡಗುವ ತನಕ ಯಾರೂ ಉಣ್ಣಲಿಲ್ಲ. ಆಮೇಲೆ ಸೂಗಮ್ಮನೇ “ಮಜ್ಜಿಗಿ ಹಾಕವ್ವಾ” ಅಂದಳು.

ಅಂದಿನಿಂದ ಸ್ನೇಹಲತಾ ಗಂಡನೊಡನೆ ಮಾತು ಬಿಟ್ಟಳು. ಚಹಾ ಇಡುವಳು, ಡಬ್ಬಿ ಕಟ್ಟುವಳು, ಅಂಗಿಗೆ ಇಸ್ತ್ರಿ ಮಾಡುವಳು. ಬಾಯಿ ಮಾತ್ರ ಇಲ್ಲ. ಹಾಸಿಗೆಯನ್ನು ಅತ್ತೆಯ ಪಕ್ಕಕ್ಕೆ ಹಾಕಿಕೊಂಡಳು. ವಿಜಯಕುಮಾರ ಮೊದಲು ಗಮನಿಸದವನಂತಿದ್ದ. ಆಮೇಲೆ ಒಂದು ಬೆಳಿಗ್ಗೆ ಡಬ್ಬಿಯನ್ನು ಕೈಗೆತ್ತಿಕೊಳ್ಳದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಇನ್ನೆಷ್ಟು ದಿನ ಇದು?”

ಅವಳು ಕೊತ್ತಂಬರಿ ಹೆಚ್ಚುತ್ತಿದ್ದಳು.

“ಶರಣು ಮುಂದ ಏನ್ ಹೇಳಬೇಕಿತ್ತು ನಾನು?”

“ಗೊತ್ತಿತ್ತು ಅಂತ ಹೇಳಬೇಕಿತ್ತು.”

“ಹೇಳಿದ್ರ ಅಪ್ಪ ತಿರುಗಿ ಬರ್ತಿದ್ನೇನು?”

“ಅಪ್ಪ ಬರ್ತಿರಲಿಲ್ಲ. ನೀವು ಬರ್ತಿದ್ರಿ.” ಚಾಕು ಕೆಳಗಿಟ್ಟಳು. “ಆಯಾಗಳು ಬಂದ್ರು, ಉಗುಳಿಸಿಕೊಂಡು ಓಡಿ ಹೋದ್ರು. ಅವರು ಓಡಿ ಹೋಗಬಹುದು. ನೀವೂ ಓಡಿದ್ರಿ. ಎರಡು ವರ್ಷ ಬೇಗಂ ಬಜಾರದಾಗ ಎಲ್ಲಾರಿಗಿಂತ ಮೊದಲು ಷಟರ್ ಎತ್ತಿದವ್ರು ನೀವು, ಎಲ್ಲಾರಿಗಿಂತ ತಡ ಇಳಿಸಿದವ್ರೂ ನೀವ.”

“ನನಗ ನೋಡಾಕ ಆಗ್ತಿರಲಿಲ್ಲ ಸ್ನೇಹಾ.”

“ನನಗ ಆಗ್ತಿತ್ತೇನ್ರಿ?”

ಅವನು ಡಬ್ಬಿ ಬಿಟ್ಟೇ ಹೋದ. ಮಧ್ಯಾಹ್ನ ಆ ಅನ್ನವನ್ನು ಅತ್ತೆ ಸೊಸೆ ಹಂಚಿಕೊಂಡು ಉಂಡರು.

ಸುದ್ದಿ ಶಂಶಾಬಾದಿನಿಂದ ಸುರಪುರಕ್ಕೆ ಹೋಗಲು ಎಷ್ಟು ಹೊತ್ತು? ಹಣಮಂತರಾಯರ ತಂಗಿ ಗದಿಗೆಮ್ಮ ಫೋನು ಮಾಡಿದಳು. ಸ್ನೇಹಲತಾ ಎತ್ತಿದ ಕೂಡಲೇ, “ನಮ್ಮಣ್ಣನ್ನ ಮಂಚಕ್ಕ ಬಿಗದಿದ್ರಂತಲ್ಲವ್ವಾ, ಉಪಾಸ ಇಟ್ಟಿದ್ರೇನು?” ಎಂದು ಶುರುವಾಯಿತು. ಸೂಗಮ್ಮ ಕೈ ಚಾಚಿ ಫೋನು ತೆಗೆದುಕೊಂಡಳು.

“ಗದಿಗೆಮ್ಮ, ನಾ ಸೂಗಮ್ಮ ಮಾತಾಡಾಕತ್ತೀನಿ. ನಿಮ್ಮಣ್ಣ ಜಡ್ಡಾಗಿ ಬಿದ್ದಾಗ ನೀ ಎಷ್ಟು ಸರ್ತಿ ಬಂದಿದ್ದಿ?”

ಆ ಕಡೆಯಿಂದ ಏನೋ ಉತ್ತರ ಬಂತು.

“ಬ್ಯಾನಿ ಎಲ್ಲಾರಿಗೂ ಇರ್ತಾವ. ಮಣ್ಣಿಗೆ ಬಂದಿ, ಹೋಳಿಗಿ ಉಂಡಿ, ಹೋದಿ. ಇನ್ನ ಈ ನಂಬರಿಗೆ ಮಾಡಬ್ಯಾಡ.”

ಫೋನು ಇಟ್ಟು ಬಹಳ ಹೊತ್ತು ತನ್ನ ಖಾಲಿ ಮಣಿಕಟ್ಟುಗಳನ್ನು ಉಜ್ಜಿಕೊಳ್ಳುತ್ತ ಕೂತಳು. ಬಳೆ ತೆಗೆದ ಜಾಗದಲ್ಲಿ ಚರ್ಮ ಬೆಳ್ಳಗಾಗಿತ್ತು.

ಮಾತನಾಡಿಸಲು ಬರುವವರು ಮಾತ್ರ ನಿಲ್ಲಲಿಲ್ಲ. ಬೇಗಂ ಬಜಾರಿನ ಪಕ್ಕದ ಅಂಗಡಿಯ ತಾಯಪ್ಪ ಬಂದು ಕಣ್ಣೊರೆಸಿಕೊಳ್ಳುತ್ತಲೇ ನಕ್ಕ. ಹಣಮಂತರಾಯರು ಹೋಳಿಯ ದಿನ ಪೊಲೀಸ್ ಇನ್‌ಸ್ಪೆಕ್ಟರನ ತಲೆಗೆ ಪರಾತ ಬೋರಲು ಹಾಕಿ, “ಸಾಹೇಬ್ರ, ಇದು ಐಎಸ್ಐ ಮಾರ್ಕಿನ ಹೆಲ್ಮೆಟ್” ಅಂದದ್ದನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದ. ಸ್ನೇಹಲತಾ ಚಹಾ ಕೊಟ್ಟು ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಈ ಕತೆ ಅವಳಿಗೂ ಗೊತ್ತು; ಮಾವನ ಬಾಯಿಂದಲೇ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಈಗ ಆ ಬಾಯಿಯನ್ನು ನೆನೆಸಿಕೊಳ್ಳಲು ಹೋದರೆ ಗಂಜಿ ಉಗುಳುವ ಬಾಯಿ ಕಾಣುತ್ತಿತ್ತು. ರೈತು ಬಜಾರಿನ ಮೂಕ ಮಾವನನ್ನು ಕರೆದರೆ, ಕಣ್ಣು ಕೆಂಪಗೆ ಮಾಡಿ ಬೆರಳು ತೋರಿಸಿ ಕಳ್ಳಿ ಅನ್ನುವವರು ಬಂದು ನಿಲ್ಲುತ್ತಿದ್ದರು. ಬಂದವರೆಲ್ಲ ಅವರನ್ನು ಇಡಿಯಾಗಿ ಉಳಿಸಿಕೊಂಡಿದ್ದರು. ಅನ್ನ ಕಲಸಿ ತಿನ್ನಿಸಿದವಳಿಗೆ ಮಾತ್ರ ಅವರು ಸಿಗುತ್ತಿರಲಿಲ್ಲ.

ಒಂದು ಸಂಜೆ ಪಿಂಕಿಯ ತಲೆ ಬಾಚುತ್ತಿದ್ದಾಗ ಹುಡುಗಿ ಕೇಳಿದಳು:

“ಮಮ್ಮಿ, ಎಲ್ಲಾರ ಮುತ್ಯಾಗಳೂ ಹಂಗ ಆಗ್ತಾರೇನು?”

“ಇಲ್ಲ.”

“ಪಪ್ಪಾ?”

“ಗೊತ್ತಿಲ್ಲ ಪಿಂಕಿ.”

“ಪಪ್ಪಾ ಹಂಗ ಆದ್ರ ನಾ ಕಟ್ಟಬೇಕೇನು?”

ಸ್ನೇಹಲತಾಳ ಕೈಯಲ್ಲಿ ಜಡೆ ಹಾಗೇ ನಿಂತಿತು. “ಅಲ್ಲಾಡಬ್ಯಾಡ, ಬೈತಲೆ ಸೊಟ್ಟ ಆಕ್ಕೈತಿ” ಅಂದಳು.

ಸಂಕ್ರಾಂತಿಗೆ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬಡಿದದ್ದಾಯಿತು, ಪದ್ಧತಿ ಬಿಡಬಾರದೆಂದಷ್ಟೇ. ಶರಣಕುಮಾರ ಬರಲಿಲ್ಲ. ಹಾಲ್ ಗೊತ್ತಾಗಿದೆ, ಬರುವ ರವಿವಾರ ಬೆಳಿಗ್ಗೆ ಕಾರ್ಯಕ್ರಮ, ಅವ್ವನನ್ನು ಕರೆದುಕೊಂಡು ಬಾ ಎಂದು ಅಣ್ಣನ ಫೋನಿಗೆ ಸಂದೇಶ ಹಾಕಿದ್ದ. ವೈನಿಯ ಹೆಸರು ಅದರಲ್ಲಿ ಇರಲಿಲ್ಲ.

ರವಿವಾರ ವಿಜಯಕುಮಾರ ಬಿಳಿ ಅಂಗಿ ತೊಟ್ಟು ಸಿದ್ಧನಾದ. “ಅವ್ವಾ, ಲಗೂ ಆಗಲಿ. ಕ್ಯಾಬ್ ಬರಾಕತ್ತೈತಿ.”

ಸೂಗಮ್ಮ ಕುರ್ಚಿಯಿಂದ ಏಳಲಿಲ್ಲ. “ನೀ ಹೋಗು. ನಾ ಬರಂಗಿಲ್ಲ.”

“ಮಂದಿ ಏನಂತಾರ?”

“ಮಂದಿಗೆ ಅವ ನಗಿಸಿದಾನ. ಅವರು ನಗಲಿ, ಅದರಾಗ ತಪ್ಪಿಲ್ಲ. ನನಗ ಅಲ್ಲಿ ಹೋಗಿ ಕುಂತು ಹಲ್ಲು ತೆಗಿಯಾಕ ಆಗಂಗಿಲ್ಲ. ಹೆಂಗ ಸತ್ತ ಅಂತ ನಾ ಬಲ್ಲೆ, ಈಕಿ ಬಲ್ಲಳು.”

ವಿಜಯಕುಮಾರ ಹೆಂಡತಿಯ ಕಡೆ ತಿರುಗಿದ. “ನೀನರ ಬಾ.”

“ನನ್ನ ಕರದಿಲ್ರಿ.”

“ನಾ ಕರಿಯಾಕತ್ತೀನಿ.”

ಇಷ್ಟು ವಾರಗಳಲ್ಲಿ ಅವನು ಅವಳ ಪರವಾಗಿ ಆಡಿದ ಮೊದಲ ಮಾತು ಅದು. ಸ್ನೇಹಲತಾ “ಹೋಗಿ ಬರ್ರಿ. ಪಿಂಕಿ ಒಬ್ಬಾಕಿ ಆಕ್ಕಾಳ” ಅಂದಳು. ದನಿಯಲ್ಲಿ ಮೊದಲಿನ ಕಹಿ ಇರಲಿಲ್ಲ.

ಮಧ್ಯಾಹ್ನ ಅವಳು ಹಿತ್ತಲ ಕಟ್ಟೆಯ ಮೇಲೆ ಪುಂಡಿಸೊಪ್ಪು ಬಿಡಿಸುತ್ತಿದ್ದಾಗ ಅಣ್ಣತಮ್ಮ ಇಬ್ಬರೂ ಬಂದರು. ಶರಣಕುಮಾರನ ಕೈಯಲ್ಲಿ ಹಾಲ್‌ನ ಊಟ ತುಂಬಿದ ಸ್ಟೀಲ್ ಡಬ್ಬಿಗಳು. ಅವುಗಳನ್ನು ಅಡುಗೆಮನೆಯಲ್ಲಿಟ್ಟು, ನೀರು ಕುಡಿದು, ಹಿತ್ತಲಿಗೆ ಬಂದು ಅವಳಿಂದ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತ. ಕಣ್ಣು ಊದಿದ್ದವು. ಸೂಗಮ್ಮ ಹೊಸ್ತಿಲ ಮೇಲೆ ಬಂದು ಕೂತಳು.

“ಹಾಲ್ ತುಂಬಿತ್ರಿ ವೈನಿ” ಅಂದ. “ಕುರ್ಚಿ ಸಾಲಲಿಲ್ಲ. ಎಲ್ಲಾರೂ ಭಾಳ ನಕ್ಕರು.”

“ಚೊಲೋ ಆತು.”

“ವಿಡಿಯೋ ಹಾಕಿದ್ವಿ. ಪಿಂಕಿ ಬರ್ತಡೇದು ಒಂದಿತ್ತು, ಮುಂದಿನ ಖೋಲ್ಯಾಗ ತೆಗದದ್ದು. ನಾ ಕೇಕ್ ಹಿಡಕೊಂಡು ಒಳಗ ಬರ್ತೀನಿ. ಅಪ್ಪ ನನ್ನ ನೋಡಿ, ‘ಯಾರಪ್ಪಾ ನೀ? ಫುಕಟ್ ಊಟಕ್ಕ ಬಂದಿಯೇನು?’ ಅಂತಾನ. ನಾವೆಲ್ಲಾ ನಗ್ತೀವಿ. ಹಾಲ್‌ನಾಗೂ ಚಪ್ಪಾಳಿ ಹೊಡದು ನಕ್ಕರು. ಫೋನಿನ್ಯಾಗ ಸಣ್ಣದು ಕಾಣ್ತಿತ್ರಿ. ಅಲ್ಲಿ ಅಪ್ಪನ ಮಾರಿ ಗ್ವಾಡಿಯಷ್ಟು ದೊಡ್ಡದು. ನಾವು ನಗುವಾಗ ಅಪ್ಪ ನಗಂಗಿಲ್ಲ. ಆ ಕಡೆ ಈ ಕಡೆ ಎಲ್ಲಾರ ಮಾರಿ ನೋಡ್ತಾನ. ನೋಡಿ, ಆಮ್ಯಾಲೆ ನಗ್ತಾನ.”

ಶರಣಕುಮಾರ ವೈನಿಯ ಕಡೆ ತಿರುಗಿದ.

“ಆವತ್ತು ಅಪ್ಪಗ ನಾ ಯಾರಂತ ಗೊತ್ತಿರಲಿಲ್ಲೇನ್ರಿ?”

“ಗೊತ್ತಿರಲಿಲ್ಲ” ಅಂದಳು ಸ್ನೇಹಲತಾ.

“ನಿಮಗ ಅದು ಆವತ್ತ ತಿಳಿದಿತ್ತೇನು?”

“ಎಲ್ಲಿ ತಿಳೀತು? ನಮಗೂ ಮಷ್ಕಿರಿನ ಅನಸ್ತಿತ್ತು. ದಿನಾ ಮುಂಜಾನಿ ಚಾ ಕೊಟ್ರ ನನ್ನ ಮಾರಿ ನೋಡಿ, ‘ಯಾರ ಮಗಳವ್ವಾ ನೀ?’ ಅಂತ ಕೇಳ್ತಿದ್ರು. ‘ನಾ ಬೇಗಂ ಬಜಾರದ ಬೇಗಂ ರೀ’ ಅಂತಿದ್ದೆ. ಸಲಾಂ ಹೊಡಿತಿದ್ರು. ನಾ ನಗ್ತಿದ್ದೆ, ಅವರೂ ನಗ್ತಿದ್ರು. ಒಂದು ಬ್ಯಾಸಗಿ ಪೂರಾ ನಕ್ಕೆ ಶರಣು. ಅವರು ಖರೇನ ಕೇಳಾಕತ್ತಿದ್ರು. ನಾ ಒಂದಿನಾನೂ ನೆಟ್ಟಗ ನನ್ನ ಹೆಸರು ಹೇಳಲಿಲ್ಲ.”

ಸೊಪ್ಪಿನ ಕಡ್ಡಿ ಅವಳ ಕೈಯಲ್ಲಿ ತುಂಡುತುಂಡಾಗುತ್ತಿತ್ತು.

“ಅಂಗಡ್ಯಾಗೂ ಹಂಗ” ಎಂದು ದನಿ ಬಂತು. ವಿಜಯಕುಮಾರ ಬಾಗಿಲಲ್ಲಿ ನಿಂತಿದ್ದ. “ಹಂಡೆ ಕೇಳಿದವರಿಗೆ ತಂಬಿಗಿ ಕೊಟ್ಟು, ‘ಮೊದಲ ಸಣ್ಣದು ಒಯ್ರಿ, ಬೆಳಿತೈತಿ’ ಅಂತಿದ್ದ. ಗಿರಾಕಿ ನಗೋರು. ನಾನೂ ನಗ್ತಿದ್ದೆ.”

ಶರಣಕುಮಾರ ಎರಡೂ ಕೈಯಿಂದ ಮುಖ ಒರೆಸಿಕೊಂಡ. “ಕಟ್ಟೋದು ಯಾವಾಗ ಶುರು ಆತ್ರಿ?”

ಸ್ನೇಹಲತಾ ಹೇಳತೊಡಗಿದಳು. ಮಾವ ಬಚ್ಚಲಲ್ಲಿ ಜಾರಿಬಿದ್ದು ಏಳಲಾಗದೆ, ತನ್ನನ್ನು ದೂಡಿದಳೆಂದು ಅವಳ ಮೇಲೆ ಕೂಗಾಡಿದ್ದು. ಕನ್ನಡಿಯಲ್ಲಿ ಕಾಣುವ ಮುದುಕನನ್ನು ಹೊರಗೆ ಹಾಕಿರೆಂದು ಹಟ ಹಿಡಿದದ್ದು, ಮನೆಯ ಕನ್ನಡಿಗಳಿಗೆಲ್ಲ ಬಟ್ಟೆ ಮುಚ್ಚಿದ್ದು. ಆಯಾ ಓಡಿಹೋದ ದಿನ ಅತ್ತೆ ಸೊಸೆ ಇಬ್ಬರೂ ಅವರನ್ನು ಎತ್ತಲಾಗದೆ ನೆಲದ ಮೇಲೆಯೇ ಪಕ್ಕದಲ್ಲಿ ಮಲಗಿದ್ದು. ಮೊದಲ ಸಲ ಓಢಣಿ ಕಟ್ಟಿದಾಗ ಅವರು ಬಯ್ಯದೆ, ಹೊಡೆಯದೆ, “ನಾ ಏನ್ ತಪ್ಪು ಮಾಡೀನವ್ವಾ?” ಎಂದು ಸಣ್ಣ ದನಿಯಲ್ಲಿ ಕೇಳಿದ್ದು. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಅವಳು ಬಿಟ್ಟದ್ದನ್ನು ಸೂಗಮ್ಮ ಸೇರಿಸುತ್ತಿದ್ದಳು.

“ಸಾಕ್ರಿ ವೈನಿ” ಶರಣಕುಮಾರ ಎದ್ದು ನಿಂತ.

“ಸಾಕಂದ್ರ ಹೆಂಗ? ಇದು ಬರೇ ಅರ್ಧ. ಕುಂದ್ರು.” ಗಂಡನ ಕಡೆಯೂ ನೋಡಿದಳು. “ನೀವೂ ಕುಂದರ್ರಿ. ಎಷ್ಟೊತ್ತು ಬಾಗಲದಾಗ ನಿಂದ್ರತೀರಿ?”

ಇಬ್ಬರೂ ಕೂತರು.

ಪಿಂಕಿ ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಅಜ್ಜಿಯ ಬೆನ್ನಿಗೆ ಅಂಟಿ ನಿಂತಿದ್ದಳು.

“ಆಯಿ, ಗಿಡದ್ದು ನಾ ಹೇಳಲೇನು?”

“ಯಾವ ಗಿಡದ್ದು?”

“ಆ ಕರಿಬೇವಿಂದು.” ಹಿತ್ತಲ ಮೂಲೆಯ ಕುಂಡದ ಕಡೆ ಬೆರಳು ತೋರಿಸಿದಳು. “ಒಂದಿನ ನನಗ ಸಾಲಿ ರಜಾ ಇತ್ತು. ಮಮ್ಮಿ ಬಟ್ಟಿ ಒಣಹಾಕಾಕ ಮ್ಯಾಲೆ ಹೋಗಿದ್ದಳು. ಮುತ್ಯಾ ತಾಟು ಹಿಡಕೊಂಡು ಇಲ್ಲಿ ಬಂದು ಕುಂತ. ಗಿಡಕ್ಕ ಅನ್ನ ಉಣಿಸಾಕತ್ತಿದ್ದ. ‘ಉಣ್ಣು ಪಿಂಕಿ, ವ್ಯಾನ್ ಬರ್ತೈತಿ, ಲಗೂ ಉಣ್ಣು’ ಅಂತಿದ್ದ. ನಾ ಹಿಂದ ನಿಂತಿದ್ದೆ.”

ಕುಂಡದ ಮಣ್ಣಿನಲ್ಲಿ ಅನ್ನದ ಅಗುಳು ಕಂಡು, ಇರುವೆ ಮುತ್ತುತ್ತವೆಂದು ಮಾವನನ್ನು ಗದರಿಸಿದ ದಿನ ಸ್ನೇಹಲತಾಗೆ ನೆನಪಿತ್ತು. ಗಿಡವನ್ನು ಪಿಂಕಿ ಎಂದದ್ದು ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

“ನೀ ಏನಂದಿ?” ಸೂಗಮ್ಮ ಕೇಳಿದಳು.

“ಏನೂ ಅನ್ನಲಿಲ್ಲ. ನಾ ಇಲ್ಲಿದೀನಿ ಮುತ್ಯಾ ಅನ್ನಬೇಕಂತ ಮಾಡಿದ್ದೆ. ಹೊಡಿತಾನ ಅಂತ ಹೆದರಿಕಿ ಬಂತು.” ಹುಡುಗಿ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ತಾಟಿನ್ಯಾಗಿಂದ ಎಲ್ಲಾ ಉಣಿಸಿದ. ಒಂದೊಂದು ತುತ್ತೂ ಊದಿ ಊದಿ ಉಣಿಸಿದ. ಆಮ್ಯಾಲೆ ಧೋತರದ ಚುಂಗು ತೊಯ್ಸಿ ಎಲೆಗೋಳಿಗೆ ಬಾಯಿ ಒರಸಿದ.”

ಸೂಗಮ್ಮ ಮೊಮ್ಮಗಳನ್ನು ಮುಂದಕ್ಕೆ ಎಳೆದು ತೊಡೆಯ ಮೇಲೆ ಕೂಡಿಸಿಕೊಂಡಳು. ಮೊಣಕಾಲಿಗೆ ನೋವಾಗಿ ಮುಖ ಕಿವುಚಿದರೂ ಬಿಡಲಿಲ್ಲ. ಸ್ನೇಹಲತಾ ಸೆರಗಿನಿಂದ ಬಾಯಿ ಒತ್ತಿ ಹಿಡಿದುಕೊಂಡು ಆ ಗಿಡವನ್ನೇ ನೋಡುತ್ತಿದ್ದಳು. ವಿಜಯಕುಮಾರ ಅವಳ ಮುಂದಿನ ಸೊಪ್ಪಿನ ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡು ಎಲೆ ಬಿಡಿಸತೊಡಗಿದ.

ಶರಣಕುಮಾರ ವೈನಿಯ ಹತ್ತಿರಕ್ಕೆ ಸರಿದು ಕೂತ.

“ಮತ್ತ?” ಅಂದ.